ಮಕ್ಕಳ ಕೈಯಲ್ಲಿ ಸ್ಮಾರ್ಟ್‌ಫೋನ್: ಕೊಡುವ ಕ್ರಮ ಯಾವುದು?

(ವಾರ್ಷಿಕೋತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಮಕ್ಕಳ ಕೈಗೆ ಸ್ಮಾರ್ಟ್‌ಫೋನ್ ಕೊಡಬೇಕೇ, ಕೊಡಬಾರದೇ ಎಂಬುದು ಇಂದಿನ ಉಪನ್ಯಾಸಕ್ಕೆ ನಿಗದಿಯಾಗಿರುವ ವಿಷಯ. ಈ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ದಿನನಿತ್ಯ ಚರ್ಚೆಗೆ ಬರುತ್ತದೆ. ಅಜ್ಜನವರು ಬೇಡವೇ ಬೇಡ ಎನ್ನುತ್ತಾರೆ. ತಂದೆ, ಹತ್ತನೆಯ ತರಗತಿ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಟ್ಯೂಷನ್ ಮುಗಿಸಿ ರಾತ್ರಿ ಎಂಟು ಗಂಟೆಗೆ ಒಬ್ಬಳೇ ಬರುವ ಮಗಳ ಕೈಯಲ್ಲಿ ಫೋನ್ ಇಲ್ಲದಿದ್ದರೆ ಹೇಗೆ ಎಂದು ತಾಯಿ ಕೇಳುತ್ತಾರೆ. ಮೂವರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಈ ಚರ್ಚೆ ನಡೆಯುತ್ತಿರುವಾಗಲೇ ಅದೇ ಮನೆಯ ಎಂಟು ವರ್ಷದ ಕಿರಿಯ ಮಗ, ಬೇಡವೆಂದ ಅಜ್ಜನವರದೇ ಫೋನನ್ನು ಹಿಡಿದು ಮೂಲೆಯಲ್ಲಿ ಕುಳಿತಿರುತ್ತಾನೆ.

ಹೈದರಾಬಾದಿನ ಮಟ್ಟಿಗೆ ಹೇಳುವುದಾದರೆ, ಮನೆಯವರು ಆಲೋಚಿಸಿ ಉತ್ತರ ಕೊಡುವುದಕ್ಕೆ ಮೊದಲೇ ಕಾಲವು ಈ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟಿತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದವು. ಆ ವರ್ಷದ ಸೆಪ್ಟೆಂಬರ್ 1ರಿಂದ ತೆಲಂಗಾಣದ ಸರಕಾರಿ ಶಾಲೆಗಳ ಪಾಠಗಳು ದೂರದರ್ಶನದ ಯಾದಗಿರಿ ವಾಹಿನಿಯಲ್ಲಿಯೂ ಟಿ-ಸ್ಯಾಟ್ ವಾಹಿನಿಯಲ್ಲಿಯೂ ಪ್ರಸಾರವಾಗತೊಡಗಿದವು. ಖಾಸಗಿ ಶಾಲೆಗಳ ಪಾಠಗಳು ಫೋನಿನ ಪರದೆಗೆ ಬಂದವು. ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಫೋನ್ ಒಂದೇ ಇದ್ದರೆ ಸಾಲ ಮಾಡಿಯಾದರೂ ಎರಡನೆಯದನ್ನು ತರಬೇಕಾಯಿತು. ಅಂದು ಫೋನ್ ಮಗುವಿನ ಕೈಗೆ ಬಂದದ್ದು ಪಾಟಿಯ ರೂಪದಲ್ಲಿ. ಮುಂದೆ ಶಾಲೆಗಳು ತೆರೆದವು, ಮಕ್ಕಳು ಬೆನ್ನಿಗೆ ಚೀಲ ಏರಿಸಿಕೊಂಡು ಹೊರಟರು. ಆದರೆ ಪಾಟಿಯಾಗಿ ಬಂದ ಫೋನ್ ಮರಳಿ ಹೋಗಲಿಲ್ಲ.

ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಸಮೀಕ್ಷಿಸುವ 'ಅಸರ್' ವರದಿಯ 2024ರ ಅಂಕಿಅಂಶಗಳನ್ನು ಇಲ್ಲಿ ಗಮನಿಸಬಹುದು. 14ರಿಂದ 16 ವರ್ಷದ ಮಕ್ಕಳ ಪೈಕಿ ಸುಮಾರು ಶೇ. 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಶೇ. 82ರಷ್ಟು ಮಕ್ಕಳಿಗೆ ಅದನ್ನು ಬಳಸಲು ಬರುತ್ತದೆ. ಹಾಗೆ ಬಳಸಬಲ್ಲವರಲ್ಲಿ, ಸಮೀಕ್ಷೆಗೆ ಹಿಂದಿನ ವಾರ ಕಲಿಕೆಗಾಗಿ ಫೋನ್ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76. ಇದು ಹಳ್ಳಿಗಳ ಸ್ಥಿತಿ. ಆದ್ದರಿಂದ 'ಕೊಡಬೇಕೇ, ಬೇಡವೇ' ಎಂಬ ಪ್ರಶ್ನೆಯಲ್ಲಿ ಹೆಚ್ಚಿನ ಅರ್ಥ ಉಳಿದಿಲ್ಲ. ಯಾವ ವಯಸ್ಸಿನಲ್ಲಿ, ಎಷ್ಟರಮಟ್ಟಿಗೆ, ಯಾವ ಕ್ರಮದಲ್ಲಿ ಕೊಡಬೇಕು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಈ ಕ್ರಮವನ್ನು ತಿಳಿಯಲು ರೈಲ್ವೆಯ ಒಂದು ಪದ್ಧತಿಯನ್ನು ನೋಡುವುದು ಉಪಯುಕ್ತ. ನೌಕರಿಗೆ ಸೇರಿದ ಯುವಕನ ಕೈಗೆ ಯಾರೂ ಮರುದಿನವೇ ಎಕ್ಸ್‌ಪ್ರೆಸ್ ಗಾಡಿಯ ಇಂಜಿನನ್ನು ಒಪ್ಪಿಸುವುದಿಲ್ಲ. ಮೊದಲು ಆತ ಸಹಾಯಕ ಲೋಕೋ ಪೈಲಟ್. ಹಿರಿಯರ ಪಕ್ಕದಲ್ಲಿ ನಿಂತು ಸಿಗ್ನಲ್ ನೋಡಿ ಗಟ್ಟಿಯಾಗಿ ಹೇಳುವುದೇ ಅವನ ಕೆಲಸ. ಹಿರಿಯರೂ ಅದನ್ನು ನೋಡಿ ಮರುನುಡಿಯುತ್ತಾರೆ. ವರ್ಷಗಳು ಕಳೆದ ಮೇಲೆ ಯಾರ್ಡಿನ ಒಳಗೆ ಶಂಟಿಂಗ್, ಅನಂತರ ಗೂಡ್ಸ್ ಗಾಡಿ, ಅನಂತರ ಪ್ಯಾಸೆಂಜರ್, ಕಟ್ಟಕಡೆಗೆ ಮೇಲ್ ಮತ್ತು ಎಕ್ಸ್‌ಪ್ರೆಸ್. ಅಷ್ಟು ಅನುಭವವಿದ್ದವನೂ ಹೊಸ ಮಾರ್ಗದಲ್ಲಿ ಗಾಡಿ ಓಡಿಸಬೇಕಾದರೆ ಮೊದಲು ಆ ಮಾರ್ಗವನ್ನು ಕಲಿಯಬೇಕು. ಏರು ಎಲ್ಲಿ, ತಿರುವು ಎಲ್ಲಿ, ಸಿಗ್ನಲ್ ಎಲ್ಲಿ ಎಂಬುದನ್ನು ಹಗಲಿನಲ್ಲಿಯೂ ರಾತ್ರಿಯಲ್ಲಿಯೂ ನೋಡಿಕೊಂಡು, ಕಲಿತಿದ್ದೇನೆ ಎಂದು ಸಹಿ ಹಾಕಬೇಕು. ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ, ಬೀದರ್ ಭಾಗದ ಹಳಿಗಳ ಮೇಲೆಯೇ 'ಕವಚ್' ಎಂಬ ರಕ್ಷಣಾ ವ್ಯವಸ್ಥೆಯ ಪರೀಕ್ಷೆಗಳು ನಡೆದವು. ಚಾಲಕನು ಕೆಂಪು ದೀಪವನ್ನು ದಾಟುವ ಸಂಭವ ಬಂದರೆ ಅದು ತಾನಾಗಿಯೇ ಬ್ರೇಕ್ ಹಾಕುತ್ತದೆ. ಹಾಗೆಂದು ಚಾಲಕನ ತರಬೇತಿ ಇನ್ನು ಬೇಡವೆಂದು ಯಾರೂ ಹೇಳಿಲ್ಲ.

ಫೋನಿನಲ್ಲಿಯೂ ಇಂತಹ ಕವಚಗಳಿವೆ. ಗೂಗಲ್‌ನ ಫ್ಯಾಮಿಲಿ ಲಿಂಕ್, ಆಪಲ್‌ನ ಸ್ಕ್ರೀನ್ ಟೈಮ್ ಮುಂತಾದವುಗಳಿಂದ ತಂದೆತಾಯಿಗಳು ಸಮಯದ ಮಿತಿಯನ್ನು ಹಾಕಬಹುದು, ಯಾವ ಆ್ಯಪ್ ಬೇಕು, ಯಾವುದು ಬೇಡ ಎಂಬುದನ್ನು ನಿರ್ಧರಿಸಬಹುದು. ಅವುಗಳನ್ನು ಅವಶ್ಯವಾಗಿ ಬಳಸಬೇಕು. ಆದರೆ ಪಕ್ಕದಲ್ಲಿ ನಿಂತು ಸಿಗ್ನಲ್ ಹೇಳಿಕೊಡುವ ಹಿರಿಯರ ಕೆಲಸವನ್ನು ಅವು ಮಾಡಲಾರವು.

ಇಲ್ಲಿ ಮಕ್ಕಳ ಪರವಾಗಿಯೂ ಒಂದು ಮಾತು ಹೇಳುವುದು ನ್ಯಾಯ. ಹುಡುಗನಿಗೆ ಮನೋನಿಗ್ರಹವಿಲ್ಲ ಎಂದು ಹಿರಿಯರು ಆಕ್ಷೇಪಿಸುತ್ತಾರೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ನಾಟಕಕ್ಕೆ ಮಂಗಳವಿದೆ. ರೀಲ್ಸ್‌ಗೆ ಕೊನೆಯೆಂಬುದೇ ಇಲ್ಲ. ಒಂದು ಮುಗಿಯುತ್ತಲೇ ಬೆರಳಿನ ಒಂದು ಸರಿತಕ್ಕೆ ಇನ್ನೊಂದು ಬರುತ್ತದೆ. ಯಾವ ದೃಶ್ಯದ ಮೇಲೆ ಕಣ್ಣು ಎಷ್ಟು ಹೊತ್ತು ನಿಂತಿತೆಂಬುದನ್ನು ಯಂತ್ರ ಲೆಕ್ಕವಿಡುತ್ತದೆ, ಆ ಲೆಕ್ಕದಂತೆ ಮುಂದಿನದನ್ನು ಬಡಿಸುತ್ತದೆ. ಇಂತಹ ಸಾಧನದ ಎದುರು ಅರವತ್ತು ವರ್ಷದವರೇ ಸೋಲುವಾಗ ಹದಿಮೂರು ವರ್ಷದ ಹುಡುಗನನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ಆರಂಭಿಸಿತು. ಕೋವಿಡ್‌ಗೆ ಆರು ವರ್ಷ ಮೊದಲೇ ಅದರ ಅಗತ್ಯ ಕಂಡುಬಂದಿತ್ತೆಂಬುದು ಗಮನಾರ್ಹ.

ಇನ್ನು ವಯಸ್ಸಿನ ವಿಚಾರ. ಆಸ್ಟ್ರೇಲಿಯಾ ದೇಶವು 2024ರ ನವೆಂಬರಿನಲ್ಲಿ ಕಾಯ್ದೆ ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇರದಂತೆ ನಿರ್ಬಂಧಿಸಿತು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, 18 ವರ್ಷದೊಳಗಿನವರ ಮಾಹಿತಿಯನ್ನು ಬಳಸುವುದಕ್ಕೆ ತಂದೆತಾಯಿಗಳ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಕಾಯ್ದೆಯ ಮಾತು ಹಾಗಿರಲಿ. ಇನ್‌ಸ್ಟಾಗ್ರಾಂ ಖಾತೆಗೆ ಕನಿಷ್ಠ 13 ವರ್ಷವಾಗಿರಬೇಕೆಂದು ಆ ಕಂಪನಿಯ ನಿಯಮವೇ ಇದೆ. ಒಂಬತ್ತು ವರ್ಷದ ಮಗುವಿನ ಖಾತೆ ಹೇಗೆ ತೆರೆಯುತ್ತದೆ? ಹುಟ್ಟಿದ ವರ್ಷವನ್ನು ತಪ್ಪಾಗಿ ಬರೆಯುವುದರಿಂದ. ಅನೇಕ ವೇಳೆ ಆ ತಪ್ಪು ವರ್ಷವನ್ನು ಬರೆದುಕೊಡುವವರು ತಂದೆತಾಯಿಗಳೇ. ಫೋನಿನ ಮೂಲಕ ಮಗು ಕಲಿಯುವ ಮೊದಲ ಸುಳ್ಳು ಹೆತ್ತವರ ಕೈಬರಹದಲ್ಲಿಯೇ ಇರುತ್ತದೆ ಎಂದಂತಾಯಿತು. ಆ ಮೇಲೆ ಸತ್ಯಸಂಧತೆಯ ಕಥೆಗಳನ್ನು ಹೇಳುವುದು ಕಷ್ಟ.

ಹಾಗಾದರೆ ಕ್ರಮವೇನು? ಚಿಕ್ಕ ಮಕ್ಕಳಿಗೆ ಸ್ವಂತದ್ದೆಂಬುದು ಬೇಡ; ಪಾಠಕ್ಕೆ ಬೇಕಾದಾಗ ಹಿರಿಯರ ಫೋನ್, ನಡುಮನೆಯಲ್ಲಿ, ಎಲ್ಲರ ಎದುರು. ಟ್ಯೂಷನ್ನಿಗೆ ಒಬ್ಬರೇ ಹೋಗಿ ಬರುವ ವಯಸ್ಸಿಗೆ ಮಾತನಾಡಲು ಮಾತ್ರ ಬರುವ ಗುಂಡಿಯ ಫೋನ್ ಸಾಕು. ತಾಯಿಯ ಆತಂಕಕ್ಕೆ ಅದೇ ಪರಿಹಾರ. ಕಾಲೇಜು ಸೇರುವ ಹೊತ್ತಿಗೆ ಸ್ವಂತ ಸ್ಮಾರ್ಟ್‌ಫೋನ್, ಆದರೆ ರಾತ್ರಿ ಮಲಗುವಾಗ ಅದರ ಚಾರ್ಜಿಂಗ್ ಅಡುಗೆಮನೆಯಲ್ಲಿ. ಹಣ ಪಾವತಿಸುವ ಆ್ಯಪ್‌ನ ಗುಪ್ತಸಂಖ್ಯೆ ಮಕ್ಕಳಿಗೆ ತಿಳಿದಿರಲೇಬಾರದು. ತೆಲಂಗಾಣದಲ್ಲಿ 2017ರಿಂದಲೇ ಆನ್‌ಲೈನ್ ರಮ್ಮಿ ನಿಷಿದ್ಧವಾಗಿದ್ದು, 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವೊಡ್ಡಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಇಷ್ಟಾದರೂ ಮನೆಯ ಬೀಗವನ್ನು ಮನೆಯವರೇ ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದ ಒಂದು ವಿಷಯವನ್ನು ಇಲ್ಲಿ ಹೇಳದಿದ್ದರೆ ಉಪನ್ಯಾಸ ಅಪೂರ್ಣವಾಗುತ್ತದೆ. 'ಏನಾದರೂ ಎಡವಟ್ಟು ಮಾಡಿದೆಯೋ, ಫೋನ್ ಕಿತ್ತುಕೊಳ್ಳುತ್ತೇನೆ' ಎಂಬ ಬೆದರಿಕೆ ಬಹಳ ಮನೆಗಳಲ್ಲಿ ಕೇಳಿಬರುತ್ತದೆ. ಅಪರಿಚಿತನೊಬ್ಬನು ಸ್ನೇಹ ಬೆಳೆಸಿ, ಫೋಟೋ ತರಿಸಿಕೊಂಡು, ಅದನ್ನು ಎಲ್ಲರಿಗೂ ಕಳಿಸುತ್ತೇನೆಂದು ಹೆದರಿಸಿದಾಗ ಹುಡುಗಿಯ ಕಿವಿಯಲ್ಲಿ ಮೊದಲು ಮೊಳಗುವುದು ಆ ಬೆದರಿಕೆಯೇ. ಆದ್ದರಿಂದ ಆಕೆ ಮನೆಯಲ್ಲಿ ಹೇಳುವುದಿಲ್ಲ. ಹೆದರಿಸುವವನಿಗೆ ಬೇಕಾದದ್ದೂ ಅದೇ ಮೌನ. ಹೈದರಾಬಾದಿನಲ್ಲಿ 2014ರ ಅಕ್ಟೋಬರಿನಿಂದ ಪೊಲೀಸ್ ಇಲಾಖೆಯ 'ಶೀ ಟೀಮ್ಸ್' ಕೆಲಸ ಮಾಡುತ್ತಿವೆ. ದೂರು ಕೊಟ್ಟವರ ಹೆಸರನ್ನು ಗುಪ್ತವಾಗಿಡುತ್ತಾರೆ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930. ಈ ಸಂಖ್ಯೆಗಳನ್ನು ಮಗುವಿಗೆ ಕಲಿಸುವುದರ ಜೊತೆಗೆ, 'ಏನೇ ಆದರೂ ಮೊದಲು ಬಂದು ಹೇಳು, ಫೋನ್ ಕಿತ್ತುಕೊಳ್ಳುವುದಿಲ್ಲ' ಎಂಬ ಮಾತನ್ನು ತಂದೆತಾಯಿಗಳು ಫೋನ್ ಕೊಡುವ ದಿನವೇ ಕೊಡಬೇಕು. ಕೊಟ್ಟ ಮೇಲೆ ಆ ಮಾತಿಗೆ ತಪ್ಪಬಾರದು.

ಇದುವರೆಗಿನದು ಮಕ್ಕಳ ಮಾತಾಯಿತು. ಹಿರಿಯರ ಮಾತಿಗೆ ಬರಬೇಕಾದರೆ ಎರಡು ಹಳ್ಳಿಗಳ ಸಂಗತಿಯನ್ನು ಹೇಳಬೇಕು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿದೆ. ಲಾಕ್‌ಡೌನ್ ಮುಗಿದ ಮೇಲೂ ಮಕ್ಕಳು ಫೋನ್ ಬಿಡುವುದಿಲ್ಲವೆಂದು ಶಿಕ್ಷಕರು ದೂರಿದಾಗ, ಊರಿನ ಸರಪಂಚರು 2022ರ ಸ್ವಾತಂತ್ರ್ಯೋತ್ಸವದ ಮುನ್ನಾದಿನ ಹೆಂಗಸರ ಸಭೆ ಕರೆದರು. ಗಂಡಸರು ಮೊದಲು ಈ ಆಲೋಚನೆಯನ್ನು ಕೇಳಿ ನಕ್ಕಿದ್ದರಂತೆ. ಹೆಂಗಸರು ಮಾತ್ರ, ತಾವೂ ಧಾರಾವಾಹಿಗಳನ್ನು ಅತಿಯಾಗಿ ನೋಡುತ್ತಿರುವುದು ನಿಜವೆಂದು ಒಪ್ಪಿಕೊಂಡರು. ಊರಿನ ದೇವಸ್ಥಾನದ ಮೇಲೆ ಸೈರನ್ ಕೂರಿಸಲಾಯಿತು. ಸಂಜೆ ಏಳಕ್ಕೆ ಅದು ಕೂಗಿದರೆ ಎಂಟೂವರೆಯವರೆಗೆ ಊರಿನಲ್ಲಿ ಟಿ.ವಿ. ಇಲ್ಲ, ಮೊಬೈಲ್ ಇಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿಯ ಹಲಗಾ ಗ್ರಾಮದಲ್ಲಿಯೂ 2025ರ ಡಿಸೆಂಬರಿನಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಇಂತಹದೇ ವ್ಯವಸ್ಥೆಯನ್ನು ಗ್ರಾಮ ಪಂಚಾಯಿತಿ ಆರಂಭಿಸಿತು.

ಈ ಎರಡು ಊರುಗಳ ವಿಶೇಷವೇನೆಂದರೆ, ಸೈರನ್ ಮಕ್ಕಳಿಗಾಗಿ ಮಾತ್ರ ಕೂಗುವುದಿಲ್ಲ. ಏಕಾದಶಿಯ ದಿನ ಮನೆಗಳಲ್ಲಿ ನಡೆಯುವುದೂ ಇದೇ ರೀತಿ. ಹಿರಿಯರು ನಿರಾಹಾರವಿರುತ್ತಾರೆ, ಎಳೆಯರಿಗೆ ವಿನಾಯಿತಿ ಇರುತ್ತದೆ. ಮಗು ತಾನಾಗಿಯೇ ಒಂದು ವರ್ಷ 'ನಾನೂ ಮಾಡುತ್ತೇನೆ' ಎಂದು ಮುಂದೆ ಬರುತ್ತದೆ. ಫೋನಿನ ವಿಷಯದಲ್ಲಿ ಕ್ರಮ ತಲೆಕೆಳಗಾಗಿದೆ. ಉಪವಾಸ ಮಕ್ಕಳಿಗೆ, ಪಾರಣೆ ಹಿರಿಯರಿಗೆ!

ಹೈದರಾಬಾದಿನ ಕನ್ನಡ ಕುಟುಂಬಗಳಿಗೆ ಸಂಜೆಯ ಆ ಎರಡು ಗಂಟೆಗಳ ಬೆಲೆ ಇತರರಿಗಿಂತ ಹೆಚ್ಚು. 1956ರವರೆಗೆ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ವಿದ್ಯೆಗೂ ಉದ್ಯೋಗಕ್ಕೂ ಅಲ್ಲಿಂದ ಬಂದು ಇಲ್ಲಿಯೇ ನೆಲೆಸಿದ ಮನೆತನಗಳು ಎಷ್ಟೋ ಇವೆ. ಅವರ ಮೊಮ್ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿ ಕಲಿಯುತ್ತಾರೆ. ಕಾಚಿಗುಡದ ನೃಪತುಂಗ ಶಾಲೆಯಂತಹ ಸಂಸ್ಥೆಗೆ ಸೇರುವ ಅವಕಾಶ ಎಲ್ಲರಿಗೂ ಇಲ್ಲ. ಉಳಿದ ಮಕ್ಕಳಿಗೆ ಕನ್ನಡದ ಶಾಲೆಯೆಂದರೆ ಅಜ್ಜಿಯೊಬ್ಬರೇ. ದೀಪ ಹಚ್ಚಿದ ಮೇಲೆ ಊಟದ ವೇಳೆಯವರೆಗೆ ಆ ಶಾಲೆ ನಡೆಯುತ್ತಿತ್ತು. ಹೂ ಕಟ್ಟುತ್ತ, ಸೊಪ್ಪು ಸೋಸುತ್ತ ಅಜ್ಜಿ ಹೇಳುವ ರಾಯಚೂರಿನ ಮಾತು, ಒಗಟು, ಹಾಡು, ಬಂಧುಬಳಗದ ಹೆಸರುಗಳು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಈಗ ಅದೇ ಹೊತ್ತಿಗೆ ಮೊಮ್ಮಗ ಒಂದು ಪರದೆಯ ಮುಂದೆ, ಅಜ್ಜಿ ಇನ್ನೊಂದು ಪರದೆಯ ಮುಂದೆ. ಫೋನಿನಿಂದ ಕಣ್ಣು ಹಾಳಾದರೆ ಕನ್ನಡಕ ಸಿಗುತ್ತದೆ, ಅಂಕಗಳು ಕಡಿಮೆಯಾದರೆ ಮುಂದಿನ ಪರೀಕ್ಷೆ ಇದೆ. ಅಜ್ಜಿಯಿಂದ ಕಲಿಯಬೇಕಾದದ್ದನ್ನು ಅಜ್ಜಿ ಇರುವಾಗಲೇ ಕಲಿಯಬೇಕು.

ಅಪಾರ್ಟ್‌ಮೆಂಟಿಗೆ ಸೈರನ್ ಇಲ್ಲ. ಇದ್ದರೆ ನೆರೆಹೊರೆಯವರು ದೂರು ಕೊಟ್ಟಾರು. ಅದರ ಬದಲು ದೇವರ ಕೋಣೆಯಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತೇ ಸೈರನ್ ಆಗಬಹುದು. ನಡುಮನೆಯಲ್ಲಿ ಒಂದು ಹರಿವಾಣವಿಟ್ಟು ಎಲ್ಲರ ಫೋನುಗಳನ್ನೂ ಅದರಲ್ಲಿಡುವುದು; ಮೊದಲು ಇಡುವವರು ಮನೆಯಲ್ಲಿ ಎಲ್ಲರಿಗಿಂತ ಹಿರಿಯರು, ಕೊನೆಗೆ ಇಡುವವರು ಮಕ್ಕಳು. ತುರ್ತು ಕರೆ ಬರಬಹುದೆಂಬ ಆತಂಕವಿದ್ದರೆ ಒಂದು ಫೋನಿನ ಗಂಟೆ ಮಾತ್ರ ಕೇಳಿಸುವಂತಿರಲಿ. ಆಫೀಸಿನ ಕೆಲಸವಿರುವ ತಂದೆಗೆ ಪೂರ್ತಿ ಎರಡು ಗಂಟೆ ಸಾಧ್ಯವಾಗದಿದ್ದರೆ ಮೊದಲು ಅರ್ಧ ಗಂಟೆಯಿಂದ ಆರಂಭಿಸಬಹುದು. ಅಜ್ಜನವರಿಂದಲೂ ಒಂದು ಆಕ್ಷೇಪ ಬರುವ ಸಂಭವವಿದೆ: ನಾಳೆಯ ತಿಥಿ, ನಕ್ಷತ್ರ ನೋಡುವುದಕ್ಕೆ ಪಂಚಾಂಗ ಫೋನಿನಲ್ಲಿಯೇ ಇದೆಯಲ್ಲ ಎಂದು. ಯುಗಾದಿಗೆ ತಂದ ಅಚ್ಚಿನ ಪಂಚಾಂಗ ಪ್ರತಿಯೊಂದು ಮನೆಯಲ್ಲಿಯೂ ಇರುತ್ತದೆ. ಅದನ್ನು ಕಪಾಟಿನಿಂದ ತೆಗೆದು ಮೊಳೆಗೆ ತೂಗುಹಾಕಿ, ಮೊಮ್ಮಗನಿಂದಲೇ ಗಟ್ಟಿಯಾಗಿ ಓದಿಸಬಹುದು.