ಅದೇ ಮಾತ್ರೆ, ಬೇರೆ ಮೈ

ಭಾನುವಾರದ ನಿದ್ದೆ ಬಿಟ್ಟು ಜೀಡಿಮೆಟ್ಲಾವರೆಗೆ ಬಂದಿದ್ದೀರಿ, ಅದೂ ಕರುಳಿನ ಕಾಯಿಲೆ ಬಗ್ಗೆ ಕೇಳೋದಕ್ಕೆ. ದೊಡ್ಡ ಮನಸ್ಸು ನಿಮ್ಮದು. ಗಚ್ಚಿಬೌಲಿ ಕಡೆಯಿಂದ ಬಂದವರಿಗೆ ದಾರಿಯಲ್ಲಿ ಕಾರ್ಖಾನೆಗಳ ಘಾಟು ಮೂಗಿಗೆ ಬಡಿದಿರಬೇಕು. ಮಾತ್ರೆಯೊಳಗಿನ ಅಸಲಿ ಔಷಧದ ಪುಡಿ, ಬಲ್ಕ್ ಡ್ರಗ್ ಅಂತೀವಲ್ಲ, ಅದು ತಯಾರಾಗೋ ಜಾಗ ಇದು. ಪಕ್ಕದ ಬಾಲಾನಗರದಲ್ಲಿ ಸರ್ಕಾರದ ಐಡಿಪಿಎಲ್ ಕಾರ್ಖಾನೆ ಬಂದಿದ್ದು 1960ರ ದಶಕದಲ್ಲಿ. 1984ರಲ್ಲಿ ಡಾ. ರೆಡ್ಡೀಸ್ ಕಂಪನಿ ಕಟ್ಟಿದ ಅಂಜಿ ರೆಡ್ಡಿಯವರೂ ಮೊದಲು ಐಡಿಪಿಎಲ್‌ನಲ್ಲಿ ಕೆಲಸ ಮಾಡಿದವರೇ.

ಇಲ್ಲಿನ ಲ್ಯಾಬಿನವರು ಪುಡಿ ಎಷ್ಟು ಶುದ್ಧ ಅಂತ ಕರಾರುವಾಕ್ಕಾಗಿ ಹೇಳ್ತಾರೆ. ಅದು ನಿಮ್ಮ ಮೈಯೊಳಗೆ ಹೋಗಿ ಏನು ಮಾಡುತ್ತೆ ಅನ್ನೋದು ಬೇರೆಯೇ ಪ್ರಶ್ನೆ. ಇವತ್ತು ಅದರ ಬಗ್ಗೆ ಮಾತಾಡೋಣ. ನಾನು ಡಾಕ್ಟರ್ ಅಲ್ಲ, ಎಂಟೆಕ್ ಮಾಡಿದ ಸಾಫ್ಟ್‌ವೇರ್ ಇಂಜಿನಿಯರ್. ಆದರೆ ನಮ್ಮಂಥವರಿಗೆ ಒಂದು ಚಾಳಿ ಇದೆ. ಅಲ್ಸರೇಟಿವ್ ಕೊಲೈಟಿಸ್ ಅಂತಲೋ ಕ್ರೋನ್ಸ್ ಅಂತಲೋ ರಿಪೋರ್ಟ್ ಕೈಗೆ ಬಂದ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಕೂರ್ತೀವಿ. ಓದೋದು ತಪ್ಪಲ್ಲ. ಆದರೆ ಆ ಸಂಶೋಧನೆ ಯಾರ ಮೈ ಮೇಲೆ ನಡೆದದ್ದು ಅಂತ ನೋಡೋರು ಕಡಿಮೆ.

ಅಜಥಯೋಪ್ರಿನ್ ಅನ್ನೋ ಮಾತ್ರೆ ತಗೊಳ್ಳಿ. ಹಳೇದು, ಅಗ್ಗದ್ದು. 1950ರ ದಶಕದಲ್ಲಿ ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಜೋಡಿಯ ಕೆಲಸದಿಂದ ಬಂದದ್ದು. ಎಲಿಯನ್‌ಗೆ ಪಿಎಚ್‌ಡಿ ಮುಗಿಸೋಕೆ ಆಗಿರಲಿಲ್ಲ, 1988ರಲ್ಲಿ ನೊಬೆಲ್ ಬಂತು. ಮೊದಲು ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಟ್ಟರು, ಆಮೇಲೆ ಕರುಳಿಗೂ ಬಂತು. ಈ ಕಾಯಿಲೆಗಳಲ್ಲಿ ನಮ್ಮದೇ ರೋಗನಿರೋಧಕ ಪಡೆ ಕರುಳಿನ ಮೇಲೆ ತಿರುಗಿ ಬೀಳುತ್ತಲ್ಲ, ಈ ಮಾತ್ರೆ ಆ ಪಡೆಯ ಕಣಗಳು ಹೆಚ್ಚಾಗದ ಹಾಗೆ ತಡೆಯುತ್ತೆ. ತಡೆ ಮಿತಿಮೀರಿದರೆ ಬಿಳಿ ರಕ್ತಕಣಗಳೇ ಕುಸಿದು, ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು.

ಯಾರಿಗೆ ಹಾಗಾಗುತ್ತೆ? ಪಾಶ್ಚಾತ್ಯ ದೇಶಗಳಲ್ಲಿ ಸಿಕ್ಕ ಉತ್ತರ ಟಿಪಿಎಂಟಿ ಅನ್ನೋ ಕಿಣ್ವ. ಔಷಧದ ಒಂದು ಪಾಲನ್ನು ಅದು ನಿಷ್ಕ್ರಿಯ ಮಾಡುತ್ತೆ. ಯುರೋಪ್ ಮೂಲದವರಲ್ಲಿ ಸುಮಾರು 300ಕ್ಕೆ ಒಬ್ಬರಲ್ಲಿ ಅದು ಹೆಚ್ಚುಕಡಿಮೆ ಕೆಲಸವೇ ಮಾಡಲ್ಲ, ಅದಕ್ಕೆ ಮೊದಲೇ ಟೆಸ್ಟ್ ಮಾಡಿ ಅಂತ ಅಲ್ಲಿನ ಮಾರ್ಗಸೂಚಿ. ನಾವೂ ಅದನ್ನೇ ಓದಿ, ಅದನ್ನೇ ಮಾಡಿಸಿ, ನಾರ್ಮಲ್ ಬಂದರೆ ನಿಶ್ಚಿಂತೆಯಾಗಿ ಇರ್ತಿದ್ದೆವು.

ನನ್ನ ಚಿಕ್ಕಪ್ಪನ ಮಗನಿಗೂ ಟಿಪಿಎಂಟಿ ನಾರ್ಮಲ್ ಬಂದಿತ್ತು. ಮಾತ್ರೆ ಶುರುವಾಗಿ ಮೂರನೇ ವಾರಕ್ಕೆ ದಿಂಬಿನ ಮೇಲೆ ಕೂದಲು. ಚಿಕ್ಕಮ್ಮ ಹೈದರಾಬಾದಿನ ಬೋರ್‌ವೆಲ್ ನೀರಿನ ಮೇಲೆ ಗೂಬೆ ಕೂರಿಸಿದರು. ನಾಲ್ಕನೇ ವಾರ ಜ್ವರ, ರಕ್ತ ನೋಡಿದರೆ ಬಿಳಿಕಣಗಳು ಪಾತಾಳದಲ್ಲಿ. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡ. ಆಮೇಲೆ ಮಾಡಿಸಿದ ಇನ್ನೊಂದು ಟೆಸ್ಟಿನಲ್ಲಿ ಕಾರಣ ಸಿಕ್ಕಿತು: ಎನ್‌ಯುಡಿಟಿ15.

ಇದು ಬೇರೆ ಜೀನ್. ಔಷಧ ಕೊನೆಗೆ ಯಾವ ರೂಪದಲ್ಲಿ ಡಿಎನ್‌ಎ ಒಳಗೆ ಸೇರಿ ಹಾನಿ ಮಾಡುತ್ತೋ, ಆ ರೂಪವನ್ನು ಒಡೆಯೋ ಕಿಣ್ವ ಇದರದ್ದು. 2014ರಲ್ಲಿ ಕೊರಿಯಾದ ಸಂಶೋಧಕರು ತಮ್ಮ ಕ್ರೋನ್ಸ್ ರೋಗಿಗಳಲ್ಲಿ ಇದನ್ನು ಪತ್ತೆಮಾಡಿದರು. ಇದರ ದೋಷವಿರೋ ರೂಪ ಯುರೋಪ್ ಮೂಲದವರಲ್ಲಿ ಬಹಳ ಅಪರೂಪ, ಅದಕ್ಕೇ ಅಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮ ಉಪಖಂಡದಲ್ಲಿ ಎಂಟು-ಹತ್ತು ಜನಕ್ಕೆ ಒಬ್ಬರ ಬಳಿ ಅದರ ಒಂದು ಪ್ರತಿಯಾದರೂ ಇರುತ್ತೆ. ಟಿಪಿಎಂಟಿ ದೋಷ ನಮ್ಮಲ್ಲೇ ಕಡಿಮೆ. ಟೆಸ್ಟ್ ಎನ್ವಿರಾನ್‌ಮೆಂಟ್ ಬೇರೆ, ಪ್ರೊಡಕ್ಷನ್ ಬೇರೆ. ನಿಮಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ನಮ್ಮವರ ಮೇಲೆ ಇದನ್ನು ದೊಡ್ಡ ಮಟ್ಟದಲ್ಲಿ ನೋಡಿದ್ದು ಇದೇ ಊರಿನಲ್ಲಿ. ಡಾ. ನಾಗೇಶ್ವರ ರೆಡ್ಡಿಯವರು ಕಟ್ಟಿದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ, ಈಗಿನ ಎಐಜಿ. ಅಲ್ಲಿನ ಡಾ. ರೂಪಾ ಬ್ಯಾನರ್ಜಿ ಮತ್ತು ಜೊತೆಯವರು 1014 ರೋಗಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದರು: ಬಿಳಿಕಣ ಕುಸಿಯೋದನ್ನು ಮೊದಲೇ ಹೇಳೋದರಲ್ಲಿ ನಮ್ಮವರ ಮಟ್ಟಿಗೆ ಟಿಪಿಎಂಟಿಗಿಂತ ಎನ್‌ಯುಡಿಟಿ15 ಮೇಲು. ಒಂದು ಪ್ರತಿ ದೋಷ ಇದ್ದರೆ ಡೋಸ್ ಇಳಿಸಿ ನೋಡ್ತಾರೆ, ಎರಡೂ ಇದ್ದರೆ ಸಾಮಾನ್ಯವಾಗಿ ಈ ಮಾತ್ರೆಯ ತಂಟೆಗೇ ಹೋಗಲ್ಲ.

ಇನ್ನು ಅರಿಶಿನ. ಊರಿಂದ ಅಮ್ಮನ ಫೋನ್ ಬಂದರೆ ಅರಿಶಿನದ ಹಾಲು ಬಂದೇ ಬರುತ್ತೆ. ಇದು ಬರೀ ಮೂಢನಂಬಿಕೆ ಅಲ್ಲ. 2015ರಲ್ಲಿ ಇಸ್ರೇಲ್ ಮತ್ತಿತರ ಕಡೆಯ ವೈದ್ಯರು ಕೊಲೈಟಿಸ್ ರೋಗಿಗಳಿಗೆ ಮೆಸಲಮೈನ್ ಜೊತೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಗುಣ ಕಂಡಿತು. ದೆಹಲಿಯ ಏಮ್ಸ್‌ನವರು 450 ಮಿಲಿಗ್ರಾಂ ಕೊಟ್ಟು ನೋಡಿದರು, 2017ರಲ್ಲಿ ಪ್ರಕಟವಾದ ಫಲಿತಾಂಶ: ಉಪಯೋಗವಿಲ್ಲ. ಈಗ ಲೆಕ್ಕ ಹಾಕಿ. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು 3%. ಮೂರು ಗ್ರಾಂ ಬೇಕಾದರೆ ದಿನಕ್ಕೆ ನೂರು ಗ್ರಾಂ ಅರಿಶಿನ ತಿನ್ನಬೇಕು! ಸಾರು ಅಲ್ಲ, ಪೂರ್ತಿ ಮದುವೆಮನೆ ಅರಿಶಿನ ಶಾಸ್ತ್ರ ಆಗುತ್ತೆ ಹೊಟ್ಟೆಯೊಳಗೆ. ಅದಕ್ಕಿಂತ ಮುಖ್ಯ, ಆ ರೋಗಿಗಳು ಮೆಸಲಮೈನ್ ಬಿಟ್ಟಿರಲಿಲ್ಲ. 'ಜೊತೆಗೆ' ಅನ್ನೋದು ಫಾರ್ವರ್ಡ್ ಆಗ್ತಾ ಆಗ್ತಾ 'ಬದಲಿಗೆ' ಆಗಿಬಿಡುತ್ತೆ.

ಇನ್ನೊಂದು ವಿಷಯ, ಬೇಗ ಹೇಳ್ತೀನಿ. ಕರುಳಿನ ಟಿಬಿ ಮತ್ತು ಕ್ರೋನ್ಸ್ ನೋಡೋಕೆ ಅಣ್ಣತಮ್ಮಂದಿರ ಹಾಗೆ. ಪಾಶ್ಚಾತ್ಯ ಲೇಖನಗಳಲ್ಲಿ ಟಿಬಿಗೆ ಒಂದು ಸಾಲು ಸಿಕ್ಕರೆ ಹೆಚ್ಚು, ನಮ್ಮಲ್ಲಿ ಅದೇ ದೊಡ್ಡ ತಲೆನೋವು. ಇನ್‌ಫ್ಲಿಕ್ಸಿಮಾಬ್‌ನಂಥ ಇಂಜೆಕ್ಷನ್ ತಡೆಯೋದು ಟಿಎನ್‌ಎಫ್ ಅನ್ನೋ ಪ್ರೋಟೀನನ್ನು. ಮೈಯಲ್ಲಿ ಮಲಗಿರೋ ಟಿಬಿ ಕ್ರಿಮಿಯನ್ನು ಕೂಡಿಹಾಕಿ ಇಟ್ಟಿರೋದೂ ಅದೇ. ಹಾಗಾಗಿ ಎದೆ ಎಕ್ಸ್‌ರೇ, ಟಿಬಿ ಟೆಸ್ಟ್ ಅಂತ ಡಾಕ್ಟರ್ ಬರೆದರೆ ಬಿಲ್ ಏರಿಸೋಕೆ ಅಂದುಕೊಳ್ಳಬೇಡಿ.

ಅಜಥಯೋಪ್ರಿನ್ ಬರೆದುಕೊಟ್ಟರೆ "ಎನ್‌ಯುಡಿಟಿ15 ನೋಡಬೇಕಾ ಸರ್" ಅಂತ ಕೇಳಿ. ನಾರ್ಮಲ್ ಬಂದರೂ ಶುರುವಿನ ವಾರಗಳಲ್ಲಿ ಬ್ಲಡ್ ಕೌಂಟ್ ತಪ್ಪಿಸಬೇಡಿ, ರಿಲೀಸ್ ಇದ್ದರೂ ಸರಿ, ಆನ್‌ಕಾಲ್ ಇದ್ದರೂ ಸರಿ. ಜ್ವರ ಬಂದರೆ, ಕೂದಲು ಗೊಂಚಲುಗೊಂಚಲಾಗಿ ಉದುರಿದರೆ ಅವತ್ತೇ ಫೋನ್ ಮಾಡಿ. ಈಗ ಮಾತ್ರೆ ತಗೊಳ್ತಿರೋರು ನನ್ನ ಮಾತು ಕೇಳಿ ನಾಳೆಯಿಂದ ನಿಲ್ಲಿಸಬೇಡಿ, ಲಕ್ಷಾಂತರ ಜನರನ್ನು ಕಾಪಾಡಿರೋ ಔಷಧ ಅದು.

ಪ್ರಶ್ನೆಗಳಿದ್ದರೆ ಕೇಳಿ. ಎಲ್ಲರೆದುರು ಕೇಳೋಕೆ ಮುಜುಗರ ಆದರೆ ಚೀಟಿಯಲ್ಲಿ ಬರೆದುಕೊಡಿ, ಹೆಸರು ಬೇಡ.