ಕೊಕ್ಕೆ ಬಿಡುತ್ತದೆಯೇ?



ಶಂಕರಪುರಂನಲ್ಲಿ ನೆಲೆಸಿರುವ ನಾನು ವಿಮಾನ ದುರಸ್ತಿ ಕೆಲಸದವನು. ಎಂಜಿನ್ನಿಲ್ಲದ ಗ್ಲೈಡರನ್ನು ಹಗುರ ವಿಮಾನವೊಂದು ಹಗ್ಗದಿಂದ ಎಳೆದು ಮೇಲೇರಿಸುತ್ತದೆ. ಬೆಂಗಳೂರಿನ ಎಚ್‌.ಎ.ಎಲ್. 1958ರಲ್ಲಿ ಮೊದಲು ಹಾರಿಸಿದ ‘ಪುಷ್ಪಕ’ದ ಮೈಗೆ ಬಟ್ಟೆಯ ಹೊದಿಕೆ, ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು. ಅಂಥ ವಿಮಾನದಲ್ಲಿ ಎಳೆಯುವ ಕೊಕ್ಕೆ ಬಾಲದ ಬಳಿಯ ಚೌಕಟ್ಟಿಗೇ ಕೂರಬೇಕು, ಅದೂ ಅನುಮೋದಿತ ನಕ್ಷೆಯಂತೆ. ಹಗ್ಗದಲ್ಲೊಂದು ದುರ್ಬಲ ಕೊಂಡಿ ಇರಬೇಕು; ಎಳೆತ ಮಿತಿಮೀರಿದರೆ ಮೊದಲು ಅದೇ ತುಂಡಾಗಬೇಕು.

ಮುಖ್ಯ ಪರೀಕ್ಷೆ ಬೇರೆಯೇ ಇದೆ. ಹಿಂದಿನ ಗ್ಲೈಡರ್ ತೀರಾ ಮೇಲೇರಿದರೆ ವಿಮಾನದ ಬಾಲ ಎತ್ತಿ, ಮೂತಿ ನೆಲದತ್ತ ತಿರುಗುತ್ತದೆ. ಪೈಲಟ್ ಹಿಡಿ ಎಳೆದ ಕ್ಷಣವೇ ಕೊಕ್ಕೆ ಹಗ್ಗವನ್ನು ಬಿಡಬೇಕು. ಆದ್ದರಿಂದ ನೆಲದ ಮೇಲೆಯೇ, ಹಗ್ಗಕ್ಕೆ ಭಾರ ಕೊಟ್ಟು, ಮೇಲಕ್ಕೂ ಪಕ್ಕಕ್ಕೂ ಎಳೆದು ಬಿಡಿಸಿ ನೋಡುತ್ತೇವೆ. ಒಮ್ಮೆ ತಡವರಿಸಿದರೂ ಅದು ಹಾರುವಂತಿಲ್ಲ.

ಮಕ್ಕಳೇ, ಯಾವ ಯಂತ್ರ ಕಂಡರೂ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದಷ್ಟೇ ಅಲ್ಲ, ಬೇಕಾದಾಗ ಬಿಡುತ್ತದೆಯೇ ಎಂದೂ ಕೇಳಿ.