ಹಳೆ ಸೀರೆಯ ಗೊಂಬೆ



ಜಾತ್ರೆಯಲ್ಲಿ ಮಕ್ಕಳು ಗೊಂಬೆ ಬೇಕು ಅಂತ ಹಟ ಹಿಡೀತವೆ. ನಮ್ಮ ಕೈಯಲ್ಲಿ ಕಾಸಿರಲ್ಲ. ಗದರಿಸಿ ಎಳಕೊಂಡು ಬರ್ತೇವೆ. ಆಮೇಲೆ ನಮಗೇ ಸಂಕಟ.

ಮನೆಯಲ್ಲಿ ಹಳೆ ಹತ್ತಿ ಸೀರೆ ಇದೆಯಲ್ಲ? ಒಗೆದು ಬಿಸಿಲಲ್ಲಿ ಒಣಗಿಸೋಣ. ಗೇಣುದ್ದದ ಗೊಂಬೆಯ ಆಕಾರಕ್ಕೆ ಎರಡು ತುಂಡು ಕತ್ತರಿಸೋಣ. ಸ್ವಲ್ಪ ಬಾಯಿ ಬಿಟ್ಟು ಸುತ್ತ ಹೊಲಿಯೋಣ. ಒಳಗಿನದು ಹೊರಗೆ ತಿರುಗಿಸಿ, ಚಿಂದಿ ತುಂಬಿ, ಬಾಯಿ ಹೊಲಿದರೆ ಆಯ್ತು. ಉಳಿದ ಸೆರಗಿನಲ್ಲಿ ಲಂಗ.

ಕಣ್ಣಿಗೆ ಮಾತ್ರ ಗುಂಡಿ, ಮಣಿ ಬೇಡವೇ ಬೇಡ. ಮಗು ಅದನ್ನು ಕಿತ್ತು ಬಾಯಿಗೆ ಹಾಕ್ಕೊಳ್ಳುತ್ತೆ. ಗಂಟಲಲ್ಲಿ ಸಿಕ್ಕಿದರೆ ಉಸಿರು ಕಟ್ಟುತ್ತೆ. ಜೀವಕ್ಕೇ ಅಪಾಯ. ಕಪ್ಪು ದಾರದಲ್ಲಿ ಕಣ್ಣು ಹೊಲಿಯೋಣ. ಒಂದು ಕಣ್ಣು ದೊಡ್ಡದಾದರೂ ಮಗು ಬೇಡ ಅನ್ನಲ್ಲ!

ಲಂಗದ ಮೇಲೆ ಮಗುವಿನ ಹೆಸರನ್ನೂ ದಾರದಲ್ಲಿ ಬರೆಯೋಣ. ಈಗ ನಮಗೆ ಅಕ್ಷರ ಬರುತ್ತಲ್ಲ.